ಭೂಗರ್ಭದ ದ್ರವ ಓದಿದವರು ಮತ ಕೇಳುವಾಗ

ವಿಜ್ಞಾನ ಸಂಘದ ಚುನಾವಣೆಗೆ ನಿಲ್ಲುವ ಭೂರಸಾಯನ ವಿಜ್ಞಾನಿ ಒಂದು ವಿಷಯ ನೆನಪಿಡಬೇಕು: ಮತ ಹಾಕುವ ಬಹುತೇಕರು ಅವರ ಪ್ರಬಂಧ ಓದಿರುವುದಿಲ್ಲ. 1919ರಲ್ಲಿ ಹುಟ್ಟಿದ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್‌ನಲ್ಲಿ ಜ್ವಾಲಾಮುಖಿ, ಭೂರಸಾಯನ, ಶಿಲಾವಿಜ್ಞಾನ ಮೂರಕ್ಕೂ ಸೇರಿ ಒಂದೇ ವಿಭಾಗ. ಲಾವಾ ಅಳೆಯುವವರೂ ನಿಮ್ಮ ಮತದಾರರೇ.

ಮೊದಲು ಅವಧಿ ಲೆಕ್ಕ ಹಾಕಿ. ಆ ವಿಭಾಗದಲ್ಲಿ ಗೆದ್ದವರು ಎರಡು ವರ್ಷ ನಿಯೋಜಿತ ಅಧ್ಯಕ್ಷರು, ಆಮೇಲೆ ಎರಡು ವರ್ಷ ಅಧ್ಯಕ್ಷರು. ಅಷ್ಟು ದಿನ ಲ್ಯಾಬು, ಪಾಠ, ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಹೇಗೆ ನಿಭಾಯಿಸುವುದೆಂದು ನಿಮ್ಮ ವಿಭಾಗದ ಮುಖ್ಯಸ್ಥರೊಡನೆ ಮಾತಾಡಿಕೊಳ್ಳಿ.

ಎರಡನೆಯದು, ಸೇವೆಯ ದಾಖಲೆ. 1988ರಿಂದ ನಡೆಯುತ್ತಿರುವ ಭೂರಸಾಯನದ ಗೋಲ್ಡ್‌ಶ್ಮಿಟ್ ಸಮ್ಮೇಳನದಲ್ಲಿ ಗೋಷ್ಠಿ ನಡೆಸಿ, ಪ್ರಶಸ್ತಿ ಸಮಿತಿಯಲ್ಲಿ ಕೂರಿ, ಪರರ ಪ್ರಬಂಧ ತಿದ್ದಿ. ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯನ್ನು ಬಿ.ಪಿ. ರಾಧಾಕೃಷ್ಣ ದಶಕಗಳ ಕಾಲ ಸಂಪಾದಿಸಿದರು. ಇಂಥ ಕೆಲಸಕ್ಕೆ ಚಪ್ಪಾಳೆ ಕಡಿಮೆ, ನಂಬಿಕೆ ಜಾಸ್ತಿ.

ಇನ್ನು ಅಭ್ಯರ್ಥಿಯ ಹೇಳಿಕೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಅಧಿಕ ಒತ್ತಡದ ಜಲೀಯ ಅಯಾನುಗಳ ಉಷ್ಣಬಲ ಗುಣಗಳು’ ಎಂದು ಶುರು ಮಾಡಿದರೆ ಓದುಗ ಅಲ್ಲೇ ಬಿಟ್ಟುಬಿಡುತ್ತಾನೆ. ಬದಲಿಗೆ ಹೀಗೆ ಬರೆಯಿರಿ: ‘ಆಳದ ನೀರಿನ ರಸಾಯನದ ಲೆಕ್ಕ ಬಹುಕಾಲ 5 ಕಿಲೋಬಾರ್ ಒತ್ತಡಕ್ಕೇ ನಿಂತಿತ್ತು. 2014ರ ಡೀಪ್ ಅರ್ತ್ ವಾಟರ್ ಮಾದರಿ ಅದನ್ನು 60 ಕಿಲೋಬಾರ್‌ವರೆಗೆ ಒಯ್ದಿತು. ವಜ್ರ ಹುಟ್ಟುವ ಆಳವೂ ಈಗ ಲೆಕ್ಕಕ್ಕೆ ಸಿಗುತ್ತದೆ.’ ಕನಕಪುರದ ಬಳಿಯ ಕಬ್ಬಾಳದುರ್ಗದಲ್ಲಿ ಕೆಲಸ ಮಾಡಿದವರಿಗಂತೂ ಇನ್ನೂ ಸುಲಭ. ಅಲ್ಲಿನ ಬೂದು ನೈಸ್ ಬಂಡೆಯೊಳಗೆ ಕಪ್ಪು-ಹಸಿರು ಚಾರ್ನೊಕೈಟ್ ಪಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ದ್ರವ ಕಲ್ಲನ್ನು ಬದಲಿಸಿತು ಎಂಬ ವಾದಕ್ಕೆ ಆ ಜಾಗ ಜಗತ್ತಿನಲ್ಲೇ ಹೆಸರುವಾಸಿ. ಒಂದು ಫೋಟೊ ಸಾಕು. ಸಂಶೋಧನೆಗೆ ಇಷ್ಟೇ ಜಾಗ ಕೊಡಿ, ಉಳಿದದ್ದು ಸದಸ್ಯರಿಗೆ ಮೀಸಲು.

ಭರವಸೆ ಎರಡೇ ಇರಲಿ, ನಿಮ್ಮ ಕೈಲಾಗುವಂಥವು. ಸಂಶೋಧನಾ ಅನುದಾನ ಹೆಚ್ಚಿಸುತ್ತೇನೆ ಎಂದು ಬರೆಯಬೇಡಿ, ಅದು ಸಂಘದ ಕೈಯಲ್ಲೇ ಇಲ್ಲ. ಪ್ರಶಸ್ತಿಗೆ ಹೊಸ ದೇಶಗಳಿಂದ ಹೆಸರು ತರಿಸುವುದು, ದೂರದ ವಿದ್ಯಾರ್ಥಿಗಳಿಗೆ ಪ್ರವಾಸ ಭತ್ಯೆಗಾಗಿ ಒತ್ತಾಯಿಸುವುದು, ಇವು ಆಗುವ ಮಾತು.

ಪ್ರಚಾರದ ನಿಯಮ ಓದದೆ ಸಾಮೂಹಿಕ ಇ-ಮೇಲ್ ಕಳಿಸಬೇಡಿ. ನಿಮ್ಮ ಹೆಸರು ಸೂಚಿಸಲು ಹಿರಿಯ ಸಹೋದ್ಯೋಗಿಯನ್ನು ಸಂಕೋಚ ಬಿಟ್ಟು ಕೇಳಿ. ಅದಕ್ಕೂ ಮೊದಲು ಈ ವರ್ಷದ ಸದಸ್ಯತ್ವ ಶುಲ್ಕ ಕಟ್ಟಿದ್ದೀರಾ, ನೋಡಿಕೊಳ್ಳಿ.