ದಂಡ ಕಟ್ಟಿದರೆ ಮುಗಿಯಿತೇ?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಸಂಘದ ಸಾಲದಲ್ಲಿ ಆಟೋ, ಬೈಕು ತಗೊಂಡ ಮನೆಗಳು ನಮ್ಮಲ್ಲಿವೆ. ಯಜಮಾನರು ಕುಡಿದು ಓಡಿಸಿ ಸಿಕ್ಕಿಬಿದ್ದರೆ? 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ 10,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ದಂಡ ಕಟ್ಟಿ ಬಂದರೆ ಆಯ್ತು ಅಂದ್ಕೋಬೇಡಿ. ಲೈಸೆನ್ಸ್ 3 ತಿಂಗಳು ಅಮಾನತಾಗುತ್ತದೆ. ಚಾಲಕರ ಮರುತರಬೇತಿ ಮುಗಿಸಿದ ಮೇಲೆಯೇ ಅದು ವಾಪಸ್. ಎರಡನೇ ಸಲ ಸಿಕ್ಕರೆ ರದ್ದು. ಅಮಾನತಿನಲ್ಲಿದ್ದಾಗ ಓಡಿಸುವುದು ಬೇರೆಯೇ ಅಪರಾಧ. ಆಟೋ ನಿಂತರೂ ಕಂತು ನಿಲ್ಲುವುದಿಲ್ಲವಲ್ಲ!

ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಕುಡಿದು ಗುದ್ದಿದರೆ ನಮ್ಮ ಗಾಡಿ ರಿಪೇರಿಗೆ ಕಂಪನಿ ಕೊಡುವುದಿಲ್ಲ. ಪೆಟ್ಟಾದವರಿಗೆ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ ವಸೂಲಿ ಮಾಡಬಹುದು. ಆರ್.ಸಿ. ನಿಮ್ಮ ಹೆಸರಲ್ಲಿದ್ದರೆ ಮಾಲೀಕರು ನೀವೇ.

ಮುಂದಿನ ಸಭೆಗೆ ಆರ್.ಸಿ., ಇನ್ಶೂರೆನ್ಸ್ ಕಾಗದ ತನ್ನಿ, ಒಟ್ಟಿಗೆ ಓದೋಣ.