ಸೋತಾಗಲೂ ‘ನಮ್ಮ ತಂಡ’

ಪ್ರಶ್ನೆ: ನಾನು ದಾವಣಗೆರೆಯವನು, ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಬಂದ ವರ್ಷವೇ ಹೆಲ್ಮೆಟ್ ಹಾಕಿ ಆಡುವ ಇಲ್ಲಿನ ಕಾಲೇಜು ಫುಟ್‌ಬಾಲಿನ ಹುಚ್ಚು ಹಿಡಿಯಿತು. ನಮ್ಮ ತಂಡವೋ ಗೆಲ್ಲುವಂತೆ ಕಂಡು ಕೊನೆಗಳಿಗೆಯಲ್ಲಿ ಸೋಲುತ್ತದೆ. ಶನಿವಾರ ಸೋತರೆ ಸೋಮವಾರದವರೆಗೂ ನನಗೆ ಊಟ ಸೇರುವುದಿಲ್ಲ. ರೂಮ್‌ಮೇಟ್ ಮೇಲೆ ರೇಗುತ್ತೇನೆ. ಕಳೆದ ವಾರ ಕೊನೇ ಕಿಕ್ ತಪ್ಪಿಸಿದ ಹುಡುಗನಿಗೆ ಇನ್‌ಸ್ಟಾಗ್ರಾಂನಲ್ಲಿ ಕೆಟ್ಟದಾಗಿ ಬೈದೆ. ‘ಯಾರದೋ ಆಟಕ್ಕೆ ನೀನ್ಯಾಕಪ್ಪ ಊಟ ಬಿಡ್ತೀ?’ ಅನ್ನುತ್ತಾಳೆ ಅಮ್ಮ. ಈ ಗೀಳು ಬಿಟ್ಟುಬಿಡಲೇ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಮೊದಲು ಆ ಬೈಗುಳ ಅಳಿಸಿ, ಅವನಿಗೆ ಎರಡು ಸಾಲು ಕ್ಷಮೆ ಬರೆಯಿರಿ. ಬಹುಶಃ ಅವನು ನಿಮಗಿಂತ ಚಿಕ್ಕವನು. ಸೋಮವಾರ ಅವನೂ ಎಲ್ಲರೆದುರು ಕ್ಲಾಸಿಗೆ ಹೋಗಬೇಕು.

ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತಿದೆ. ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ಕಾಲೇಜಿನ ಗುರುತಿರುವ ಅಂಗಿ ತೊಟ್ಟು ಬರುವವರು ಹೆಚ್ಚುತ್ತಿದ್ದರು. ಗೆಲುವಿನ ಮಾತಿನಲ್ಲಿ ‘ನಾವು’ ಹೆಚ್ಚು ಕೇಳುತ್ತಿತ್ತು, ಸೋಲಿನ ಮಾತಿನಲ್ಲಿ ಕಡಿಮೆ. ನೀವು ಸೋತಾಗಲೂ ‘ನಮ್ಮ ತಂಡ’ ಎಂದೇ ಬರೆದಿದ್ದೀರಿ. ಪರದೇಶದಲ್ಲಿ ಒಂಟಿಯಾಗಿದ್ದ ನಿಮಗೆ ಆ ಗ್ಯಾಲರಿಯಲ್ಲಿ ಒಂದು ಊರು ಸಿಕ್ಕಿದೆ. ಅಮ್ಮನಿಗೆ ಅಷ್ಟು ದೂರದಿಂದ ಅದು ಕಾಣುತ್ತಿಲ್ಲ.

ಮುಂದೆ ಗೆಲ್ಲುತ್ತಾರೆಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಹೊಸ ಕೋಚ್ ಕರ್ಟ್ ಸಿಗ್ನೆಟಿ ಬಂದ ಮರುವರ್ಷವೇ ಹನ್ನೊಂದು. ಅದೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 1979ರಿಂದ 1982ರ ನಡುವೆ ಸತತ 34 ಪಂದ್ಯ ಸೋತಿತು. ಅದು ತನ್ನ ಲೀಗ್ ಬಿಗ್ ಟೆನ್‌ನ ಪಟ್ಟ ಗೆದ್ದು ಋತುವಿನ ಕೊನೆಯ ದೊಡ್ಡ ಪಂದ್ಯ ರೋಸ್ ಬೌಲ್‌ಗೆ ಹೋದದ್ದು 1995ರ ಋತುವಿನಲ್ಲಿ. ಸೋಲಿನ ದಿನಗಳಲ್ಲಿ ಅಲ್ಲಿ ಓದಿದವರು ಅಷ್ಟರಲ್ಲಿ ಮೂವತ್ತು ದಾಟಿರುತ್ತಾರೆ! ನಿಮ್ಮ ಪಾಲಿಗೆ ಯಾವುದಿದೆಯೋ, ಅದು ನಿಮ್ಮ ಕೈಯಲ್ಲಿಲ್ಲ.

ಕೈಯಲ್ಲಿರುವುದು ಶನಿವಾರ ಸಂಜೆ. ಆಟ ಮುಗಿದ ಮೇಲೆ ಮಲಗುವವರೆಗೆ ಫೋನ್ ಮುಟ್ಟಬೇಡಿ. ರೂಮ್‌ಮೇಟ್ ಜತೆ ಕೂತು ಊಟ ಮಾಡಿ. ಹಸಿವಿಲ್ಲದಿದ್ದರೂ ತಟ್ಟೆ ಮುಂದೆ ಕೂರಿ. ಪಂದ್ಯವಿಲ್ಲದ ವಾರವೂ ಅನ್ನ ಸೇರದೆ, ನಿದ್ದೆ ಬಾರದೆ ಇದ್ದರೆ ಕಾರಣ ಫುಟ್‌ಬಾಲ್ ಅಲ್ಲ. ಆಗ ತಡಮಾಡದೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನು ಕಾಣಿ.

ಇನ್ನೊಂದು ಮಾತು. ಆಟಕ್ಕೆ ಮೊದಲು ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು ಒಟ್ಟಿಗೆ ಉಣ್ಣುವ ಟೇಲ್‌ಗೇಟ್ ಇರುತ್ತದಲ್ಲ, ಅಲ್ಲಿಗೆ ಮುಂದಿನ ವಾರ ಒಂದು ಡಬ್ಬಿ ಖಾರ ಮಂಡಕ್ಕಿ ಒಯ್ಯಿರಿ. ತಂಡ ಸೋತರೂ ಡಬ್ಬಿ ಖಾಲಿಯಾಗಿಯೇ ಮನೆಗೆ ಬರುತ್ತದೆ.