ಬೈಗೆ ಎಲ್ಲಿಗೆ ಹೋಯಿತು?

ಕಳೆದ ವರ್ಷ ನವರಾತ್ರಿಯ ರಜೆಗೆ ಗಂಗೊಳ್ಳಿಯ ಮನೆಗೆ ಹೋಗಿದ್ದೆ. ಪುಸ್ತಕಗಳನ್ನು ಇನ್ನೂ ಕೆಳಗಿರಿಸಿರಲಿಲ್ಲ, ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಕೇಳಿದಳು: “ಮಗಾ, ನೀ ಕಾಲೇಜಿಗೆ ಹೋತೆ ಅಲ್ದಾ? ಈ ಬೈಗಿ ಎಲ್ಲಿಗ್ ಹೋಯ್ತ್, ಹೇಳ್ ಕಾಂಬ.”

ಬೈಗೆ ಎಂದರೆ ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಆ ಮೀನನ್ನು ಮಾರಿ ಮಕ್ಕಳನ್ನು ಸಾಕಿದವಳು ನನ್ನ ಅಜ್ಜಿ. ಯೂರೋಪಿನ ರಾಜರ ಯುದ್ಧಗಳನ್ನು ಇಸವಿ ಸಹಿತ ಒಪ್ಪಿಸಬಲ್ಲ ನಾನು ಅವಳ ಪ್ರಶ್ನೆಗೆ ನಿರುತ್ತರನಾದೆ. ಮನೆಯ ಹಿತ್ತಿಲಿನಲ್ಲೇ ಮೊರೆಯುವ ಕಡಲಿನ ವಿಷಯದಲ್ಲಿ ನಾನು ಅನಕ್ಷರಸ್ಥನೆಂಬುದು ಅಂದು ತಿಳಿಯಿತು. ರಜೆ ಮುಗಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು, ಬಲ್ಲವರನ್ನು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದೆ ಇರಿಸುತ್ತಿದ್ದೇನೆ.

ಬೈಗೆಯ ಆಯುಷ್ಯ ಎರಡು ಮೂರು ವರ್ಷ ಮಾತ್ರ. ಒಂದು ವರ್ಷ ತುಂಬುವ ಹೊತ್ತಿಗೆ ಅದು ಸುಮಾರು 15 ಸೆಂಟಿಮೀಟರ್ ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಒಂದೊಂದು ಮೀನೂ ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಆ ಕಾಲ ಯಾವುದು? ನಾವು ಕೊಡೆ ಹಿಡಿದು ಕಾಲೇಜಿಗೆ ಬರುವ ಮಳೆಗಾಲವೇ.

ಮಳೆಗಾಲವೇ ಏಕೆಂಬುದಕ್ಕೆ ಪ್ರಕೃತಿಯ ಒಂದು ಸೊಗಸಾದ ಏರ್ಪಾಡು ಕಾರಣ. ಮುಂಗಾರಿನಲ್ಲಿ ಕಡಲಿನಿಂದ ನುಗ್ಗುವ ಗಾಳಿಯ ಒಂದಂಶ ನಮ್ಮ ದಡದ ಉದ್ದಕ್ಕೂ ದಕ್ಷಿಣಕ್ಕೆ ಬೀಸುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ, ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಗಾಳಿಯ ಬಲಗಡೆಗೆ ಓರೆಯಾಗಿ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನಮ್ಮ ಬಲಗಡೆಗಿರುವುದು ಕಡಲು. ಹೀಗಾಗಿ ಮೇಲ್ನೀರು ದಡ ಬಿಟ್ಟು ಹೊರಗೆ ಸರಿಯುತ್ತದೆ. ಆ ಜಾಗವನ್ನು ತುಂಬಲು ಆಳದ ತಣ್ಣೀರು ಮೇಲೇರುತ್ತದೆ. ಈ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಮೊದಲಾದ ಲವಣಗಳು ಹೇರಳ. ಹೊಲಕ್ಕೆ ಗೊಬ್ಬರ ಬಿದ್ದಂತೆ ಕಡಲಿನಲ್ಲಿ ಕಣ್ಣಿಗೆ ಕಾಣದ ಸಸ್ಯಾಣುಗಳು ಹುಲುಸಾಗಿ ಬೆಳೆಯುತ್ತವೆ. ಬೈಗೆಗೆ ಇವೇ ಮುಖ್ಯ ಆಹಾರ. ಮಳೆ ನಿಂತ ಮೇಲೆ ಹಿಂಡು ಹಿಂಡಾಗಿ ದಡದ ಬಳಿಗೆ ಬರುವುದು ಈ ಫಸಲನ್ನು ಉಂಡ ಮೀನು. ಗಾಳಿ ತಪ್ಪಿದರೆ, ನೀರು ಮಿತಿಮೀರಿ ಬಿಸಿಯಾದರೆ ಈ ಬೇಸಾಯ ಕೆಡುತ್ತದೆ. ಆದುದರಿಂದ ಬೈಗೆಯ ಏರಿಳಿತ ಹೊಸದಲ್ಲ.

ಆದರೆ ಎಲ್ಲ ಹೊಣೆಯನ್ನೂ ಗಾಳಿಯ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1943ರಲ್ಲಿಯೇ, ಮರಿ ಬೈಗೆ ಹಾಗೂ ಮೊಟ್ಟೆಯೊಡಲಿನ ಬೈಗೆಗಳನ್ನು ಹಿಡಿಯುವುದಕ್ಕೆ ಅಲ್ಲಿನ ಸರಕಾರ ನಿರ್ಬಂಧ ಹಾಕಿತ್ತು. ಆ ನಿರ್ಬಂಧ ಬಹುಕಾಲ ನಿಲ್ಲಲಿಲ್ಲ. ಆಗ ನಮ್ಮ ತೀರದಲ್ಲಿ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿತ್ತು. ಮೀನು ದಡಕ್ಕೆ ಬಂದರುಂಟು, ಬರದಿದ್ದರಿಲ್ಲ. 1970ರ ದಶಕದಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂದಿತು. ಮೀನು ಬರುವವರೆಗೆ ಕಾಯುವುದು ತಪ್ಪಿತು. ಹಿಂಡು ಇರುವಲ್ಲಿಗೇ ಹೋಗಿ ಸುತ್ತುವರಿಯುವುದು ಸಾಧ್ಯವಾಯಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೈಗೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಕಡಲಿನ ಬಿಸಿಯೂ ಮನುಷ್ಯನ ಅವಸರವೂ ಕೂಡಿದಾಗ ಏನಾಗುವುದೆಂದು ಈ ಎರಡು ಅಂಕೆಗಳೇ ಹೇಳುತ್ತವೆ.

ಮುಂದಿನ ಮಾತನ್ನು ಬರೆಯಲು ನನಗೆ ಸಂಕೋಚ. ಒಂದು ಬೆಳಿಗ್ಗೆ ಅಡಿಕೋಲು ಹಿಡಿದು ಬಂದರಿಗೆ ಹೋದೆ. ಮೀನುಹುಡಿ ಕಾರ್ಖಾನೆಯ ಲಾರಿಗೆ ತುಂಬುತ್ತಿದ್ದ ರಾಶಿಯಿಂದ ಕೆಲವನ್ನು ಅಳೆದು ನೋಡಿದೆ. ಬಹುಪಾಲು ನನ್ನ ಬೆರಳುದ್ದವೂ ಇರಲಿಲ್ಲ. ಒಮ್ಮೆಯೂ ಮೊಟ್ಟೆಯಿಡದ ಮರಿಗಳವು. ಆ ಮೀನು ಬಂದಿದ್ದುದು ನನ್ನ ಅಪ್ಪಯ್ಯ ದುಡಿಯುವ ಬೋಟಿನಿಂದ. ನನ್ನ ಕಾಲೇಜಿನ ಶುಲ್ಕವೂ ಇಂಥ ದುಡಿಮೆಯಿಂದಲೇ ಬಂದಿದೆ. ರಾತ್ರಿ ಊಟಕ್ಕೆ ಕುಳಿತಾಗ ಈ ವಿಷಯ ಎತ್ತಿದೆ. ಅಪ್ಪಯ್ಯ ಸಿಟ್ಟಾಗಲಿಲ್ಲ. “ನಾವ್ ಬಿಟ್ರೆ ಪಕ್ಕದ್ ಬೋಟಿನವ್ರ್ ಹಿಡಿತ್ರ್, ಮಗಾ” ಎಂದಷ್ಟೇ ಹೇಳಿದರು.

ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ ಯಾವ ಸಿದ್ಧಾಂತವೂ ನನಗೆ ಇಷ್ಟು ಸ್ಪಷ್ಟವಾಗಿರಲಿಲ್ಲ. ಎಲ್ಲರದಾದ ಕಡಲನ್ನು ಒಬ್ಬನೇ ಉಳಿಸಲಾರ. ಎಲ್ಲರೂ ಕೂಡಿ ಒಪ್ಪಬೇಕು. ಅದಕ್ಕೆಂದೇ ನಿಯಮಗಳಿವೆ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಸೆಂಟಿಮೀಟರಿಗಿಂತ ಚಿಕ್ಕ ಬೈಗೆಯನ್ನು ಹಿಡಿಯಬಾರದೆಂದು ಕೇರಳ 2015ರಲ್ಲಿ ಗೊತ್ತುಪಡಿಸಿತು. ಆದರೆ ಕಾರಣ ತಿಳಿಯದವನಿಗೆ ನಿಯಮ ಬರಿಯ ದಂಡದ ಭಯ. ಕಾರಣವನ್ನು ತಿಳಿಸಬೇಕಾದುದು ಶಾಲೆ ಕಾಲೇಜುಗಳ ಕೆಲಸ.

1947ರಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು ಹುಟ್ಟಿದವು. ಕಡಲಿನ ಅಭ್ಯಾಸ ಅವರಿಗೆ ಸೇರಿದ್ದು, ಕಲಾ ವಿಭಾಗದ ನಮಗೇನು ಎಂದು ಕೆಲವರು ಕೇಳಬಹುದು. ನಮಗೂ ಬೇಕಾದಷ್ಟು ಕೆಲಸವಿದೆ. ಭೂಗೋಳದ ವಿದ್ಯಾರ್ಥಿ ಗಾಳಿಯ ದಿಕ್ಕನ್ನೂ ನೀರಿನ ಉಷ್ಣತೆಯನ್ನೂ ವಾರಕ್ಕೊಮ್ಮೆ ಬರೆದಿಡಲಿ. ಅರ್ಥಶಾಸ್ತ್ರದವನು ಮರಿ ಮೀನಿನ ಬೆಲೆಯನ್ನೂ ಬೆಳೆದ ಮೀನಿನ ಬೆಲೆಯನ್ನೂ ತೂಗಿ ನೋಡಲಿ. ಇತಿಹಾಸದವನು ರಂಪಣಿ ಎಳೆದ ಹಿರಿಯರ ನೆನಪುಗಳನ್ನು ಸಂಗ್ರಹಿಸಲಿ. ಕನ್ನಡದವನು ಮೀನುಗಳ, ಗಾಳಿಗಳ, ಬಲೆಗಳ ಹೆಸರುಗಳ ಕೋಶ ಮಾಡಲಿ. ಆ ಮಾತುಗಳನ್ನು ಆಡುವವರು ಕಡಿಮೆಯಾಗುತ್ತಿದ್ದಾರೆ. ಎಲ್ಲರೂ ತಿಂಗಳಿಗೊಮ್ಮೆ ಬಂದರಿಗೆ ಹೋಗಿ ಐವತ್ತು ಬೈಗೆಗಳ ಉದ್ದವನ್ನು ಅಳೆಯೋಣ. ಮೂತಿಯಿಂದ ಬಾಲದ ತುದಿಯವರೆಗೆ, ಪ್ರತಿಸಲವೂ ಒಂದೇ ರೀತಿ. ಐದು ವರ್ಷ ನಡೆದರೆ ಆ ಪುಸ್ತಕವೇ ನಮ್ಮ ಕಾಲೇಜಿನ ಸಂಪತ್ತಾಗುವುದು. ಅಧ್ಯಾಪಕ ಮಹಾಶಯರು ಮಾರ್ಗದರ್ಶನ ಮಾಡಬೇಕೆಂದು ನನ್ನ ವಿನಂತಿ.

ಮುಂದಿನ ರಜೆಯಲ್ಲಿ ಅಜ್ಜಿಗೆ ಇಷ್ಟನ್ನೂ ವಿವರಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ, “ಮಳ್ಗಾಲ್ದಗೆ ಮೀನ್ ಬಸ್ರಿ, ಹಿಡೂಕಾಗ ಅಂತ ನನ್ ಅಮ್ಮನೂ ಹೇಳ್ತಿದ್ಲ್” ಎಂದಳು. ಗ್ರಂಥಾಲಯದಲ್ಲಿ ನಾನು ಹುಡುಕಿದುದರ ಅರ್ಧ ನಮ್ಮ ಜಗಲಿಯಲ್ಲೇ ಇತ್ತು. ಉಳಿದರ್ಧವನ್ನು ಅಲ್ಲಿಗೆ ಒಯ್ದು ಮುಟ್ಟಿಸುವುದು ಓದಿದ ನಮ್ಮ ಕರ್ತವ್ಯವಲ್ಲವೇ?